ಉಳಿಯ ಬಾಡಿಗೆ

ಬಡಗಿಗೆ ಉಳಿ ಸ್ವಂತದ್ದಿರಬೇಕು ಎಂಬುದು ನನ್ನ ಹಳೆಯ ನಂಬಿಕೆ. ಎರವಿನ ಉಳಿಯಿಂದ ಎಷ್ಟು ದಿನ ಕೆತ್ತಲಾದೀತು? ಈ ನಂಬಿಕೆಯನ್ನು ಅಲುಗಿಸಿದವಳು ನನ್ನ ಮಗಳು.

ಅವಳದು ಚಿಪ್ ವಿನ್ಯಾಸದ ಕಸುಬು. ಹೋದ ವರ್ಷ ಒಳ್ಳೆಯ ನೌಕರಿ ಬಿಟ್ಟು, ಗೆಳತಿಯೊಡನೆ ಸ್ವಂತ ಕೆಲಸ ಹೂಡಿದಳು. ಒಂದು ಸಂಜೆ ಕಾಫಿಯ ಲೋಟ ಕೈಗಿತ್ತು, “ಅಪ್ಪಾ, ನಿಮ್ಮ ಠೇವಣಿ ಎಷ್ಟಿದೆ?” ಎಂದಳು. ಕಾಫಿಗೆ ಸಕ್ಕರೆ ಹೆಚ್ಚಾಗಿದ್ದುದರ ಗುಟ್ಟು ಆಗ ತಿಳಿಯಿತು. “ಚಿಪ್ ನಂಬಿ ಕಡೆಗೆ ಕೈಗೆ ಚಿಪ್ಪು ಬಂದೀತು” ಎಂದು ಅಡಿಗೆಮನೆಯಿಂದ ನನ್ನಾಕೆಯ ದನಿ ಬಂತು.

ಹಣ ಬೇಕಾದದ್ದು ತಂತ್ರಾಂಶಕ್ಕಂತೆ. ಈ ವ್ಯಾಪಾರದಲ್ಲಿ ದೊಡ್ಡ ಮನೆಗಳು ಮೂರು: ಸಿನಾಪ್ಸಿಸ್, ಕೇಡೆನ್ಸ್, ಮತ್ತು 2017ರಲ್ಲಿ ಮೆಂಟರ್ ಗ್ರಾಫಿಕ್ಸನ್ನು ಕೊಂಡ ಸೀಮನ್ಸ್. ಬೆಲೆಪಟ್ಟಿ ಅಂಗಡಿಯ ಬಾಗಿಲಲ್ಲಿ ತೂಗುವುದಿಲ್ಲ. ಎಲ್ಲವೂ ಮಾತುಕತೆಯ ಮೇಲೆ. ಹಣ ಕೊಟ್ಟರೂ ವಸ್ತು ನಮ್ಮದಲ್ಲ. ಲೈಸೆನ್ಸಿನ ಅವಧಿ ಮುಗಿದ ದಿನ ಬೀಗ.

“ಬಿಟ್ಟಿ ಉಳಿ ಇಲ್ಲವೇ?”

“ಇವೆ. ಮಾತಿನಲ್ಲಿ ಬರೆದ ಮಂಡಲವನ್ನು ಯೋಸಿಸ್ ಗೇಟುಗಳಾಗಿ ಒಡೆಯುತ್ತದೆ. ಓಪನ್‌ರೋಡ್ ಅವನ್ನು ಜೋಡಿಸಿ ತಂತಿಯ ದಾರಿ ಹಾಕುತ್ತದೆ. 1980ರ ದಶಕದಲ್ಲಿ ಬರ್ಕ್‌ಲಿಯಲ್ಲಿ ಹುಟ್ಟಿದ ಮ್ಯಾಜಿಕ್, ಗೆರೆ ಎಳೆಯುತ್ತಿರುವಾಗಲೇ ತಪ್ಪು ತೋರಿಸುತ್ತದೆ. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಸೇರಿ 130 ನ್ಯಾನೋಮೀಟರಿನ ನಿಯಮಗಳನ್ನೇ ಎಲ್ಲರಿಗೂ ತೆರೆದಿಟ್ಟರು.”

“ಮತ್ತೆ ಆ ಮೂವರಿಗೇಕೆ ಕಪ್ಪ?”

“5 ನ್ಯಾನೋಮೀಟರಿಗೆ ಇಳಿದರೆ ಕಾರ್ಖಾನೆಯ ನಿಯಮಗಳು ಗುಟ್ಟು. ಅವನ್ನು ಸಿದ್ಧಪಡಿಸಿರುವುದೇ ಆ ಮೂವರ ಉಪಕರಣಗಳಿಗೆ. ತಪ್ಪಾದರೆ ರಬ್ಬರಿನಿಂದ ಅಳಿಸುವಂತಿಲ್ಲ, ದುಬಾರಿ ಅಚ್ಚುಗಳನ್ನು ಮತ್ತೆ ಮಾಡಿಸಬೇಕು.”

ಅಂದರೆ ಆ ಬೆಲೆಯಲ್ಲಿ ಅರ್ಧ ಜಾಣತನದ್ದು, ಅರ್ಧ ಭಯದ್ದು.

“ನಿನ್ನ ಚಿಪ್ ಯಾವುದಕ್ಕೆ?”

“ಪಂಪ್‌ಸೆಟ್ಟಿನ ಮೋಟಾರು ಸುಡದಂತೆ ಕಾಯುವುದಕ್ಕೆ. 130 ಸಾಕು.”

“ಚಿನ್ನದ ತಕ್ಕಡಿಯಲ್ಲಿ ಹುಣಸೆಹಣ್ಣು ತೂಗುತ್ತೀಯಾ?”

ಮಗಳು ನಗಲಿಲ್ಲ. “ದುಡ್ಡು ಕೊಟ್ಟರೆ ಸಿಕ್ಕು ಬಿಡಿಸಲು ಅವರ ಜನ ಬರುತ್ತಾರೆ. ಬಿಟ್ಟಿಯದರಲ್ಲಿ ನಾವೇ ಬಿಡಿಸಿಕೊಳ್ಳಬೇಕು. ಹಣ ಉಳಿದರೆ ದಿನ ಖರ್ಚಾಗುತ್ತದೆ, ಅಪ್ಪಾ. ಆ ದಿನಗಳಲ್ಲಿ ಸಂಬಳವಿಲ್ಲ.”

ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರ, ಆಯ್ದ ಕಾಲೇಜುಗಳಿಗೂ ಹೊಸ ಉದ್ಯಮಗಳಿಗೂ ದುಬಾರಿ ಉಪಕರಣಗಳನ್ನು ಒದಗಿಸುತ್ತದೆ. ಅಲ್ಲಿಗೆ ಅರ್ಜಿ ಹಾಕಿದ್ದಾಳೆ. ಉತ್ತರ ಬಂದಾಗ ಬರಲಿ. ಅಲ್ಲಿಯವರೆಗೆ ಬಿಟ್ಟಿ ಉಳಿಯೇ ಗತಿ.

ಮರುದಿನ ಬ್ಯಾಂಕಿಗೆ ಹೋಗಿ ಠೇವಣಿಯಲ್ಲಿ ಅರ್ಧ ತೆಗೆಸಿದೆ. ನನ್ನಾಕೆ ಕಾರಣ ಕೇಳಿದಳು. ಉಳಿಯ ಬಾಡಿಗೆಗಲ್ಲ ಮಾರಾಯ್ತಿ, ಬಡಗಿಯ ಊಟಕ್ಕೆ ಎಂದೆ.