ಚುಕ್ಕಾಣಿಯ ಎಣ್ಣೆ

68 ವರ್ಷ ತುಂಬಿದವನಿಗೆ ಒಂದು ಅನುಕೂಲವುಂಟು. ಏನು ಕೆಟ್ಟರೂ ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅಕ್ಷರ ಮಸುಕಾದರೆ ಕಣ್ಣಿನ ದೋಷ. ಮಾತು ಕೇಳಿಸದಿದ್ದರೆ ಕಿವಿಯ ದೋಷ. ಆದುದರಿಂದ ಕಳೆದ ಚಳಿಗಾಲದಲ್ಲಿ ನಮ್ಮ ಕಾರಿನ ಚುಕ್ಕಾಣಿಯು ತಿರುಗಿಸಲು ಭಾರವಾಗತೊಡಗಿದಾಗ, ಅದು ನನ್ನ ಬಲಭುಜದ ದೋಷವೆಂದು ಯಾರನ್ನೂ ಕೇಳದೆ ತೀರ್ಮಾನಿಸಿಕೊಂಡೆನು. ಭುಜವು ಎರಡು ವರ್ಷಗಳಿಂದ ನೋಯುತ್ತಿದ್ದುದೂ ನಿಜವೇ. ಈ ಗುಟ್ಟನ್ನು ಮನೆಯಲ್ಲಿ ತಿಳಿಸಲಿಲ್ಲ. ಇಕ್ಕಟ್ಟಾದ ಸ್ಥಳಗಳಲ್ಲಿ ಗಾಡಿ ತಿರುಗಿಸುವುದನ್ನು ತಪ್ಪಿಸಿದೆನು. ಸಂತೆಯ ದಿನ ಪೇಟೆಗೆ ಹೋಗುವುದನ್ನೇ ಬಿಟ್ಟೆನು. ಕೊನೆಗೊಂದು ದಿನ ಬೆಂಗಳೂರಿನಲ್ಲಿರುವ ಮಗನು ಎಂದಿನಂತೆ, “ಅಣ್ಣ, ಆ ಹಳೆಯ ಕಾರನ್ನು ಮಾರಿಬಿಡಿ” ಎಂದಾಗ, ಎಂದಿನಂತೆ ವಾದಿಸದೆ “ಆಗಲಿ” ಎಂದುಬಿಟ್ಟೆನು. ಕೊಳ್ಳುವವನೊಬ್ಬನು ಭಾನುವಾರ ಬರುವುದೆಂದು ಗೊತ್ತಾಯಿತು.

ನನ್ನ ಹೆಂಡತಿಯು ಸುದ್ದಿಯನ್ನು ಕೇಳಿ ಏನೂ ಹೇಳಲಿಲ್ಲ. ಅವಳ ಅಕ್ಕನ ಊರು ಇಲ್ಲಿಗೆ 14 ಮೈಲಿ. ಬಸ್ಸು ದಿನಕ್ಕೆ ಎರಡೇ. ಅಕ್ಕ ಹಾಸಿಗೆ ಹಿಡಿದು ವರ್ಷವಾಗಿತ್ತು. ಶುಕ್ರವಾರಗಳಲ್ಲಿ ನಾವಿಬ್ಬರೂ ಹೋಗಿ ನೋಡಿಕೊಂಡು ಬರುವುದು ವಾಡಿಕೆಯಾಗಿತ್ತು. ಅವಳು ಏನಾದರೂ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರುವ ವಸ್ತುವನ್ನು ಒರೆಸಿಡೋಣವೆಂದು ಬುಧವಾರ ಬಾನೆಟ್ಟನ್ನು ಎತ್ತಿದೆನು. ಮೂಲೆಯಲ್ಲಿ ದೊಡ್ಡ ಲೋಟದಷ್ಟು ಗಾತ್ರದ ಒಂದು ಪಾತ್ರೆ. ಮುಚ್ಚಳಕ್ಕೆ ಅಂಟಿದ ಕಡ್ಡಿಯನ್ನು ಬಿಳಿಯ ಬಟ್ಟೆಗೆ ಒರೆಸಿದರೆ ದೀಪದ ಮಸಿಯಂತೆ ಕಪ್ಪು ಗೆರೆ, ಸುಟ್ಟ ವಾಸನೆ. ಎಣ್ಣೆಯ ಮಟ್ಟವು ಕೆಳಗಿನ ಗುರುತಿಗೂ ಕೆಳಗೆ! 2008ರಲ್ಲಿ ಕೊಂಡ ಕಾರು. ಎಂಜಿನ್ನಿನ ಎಣ್ಣೆಯನ್ನು ಪಂಚಾಂಗ ನೋಡಿದಂತೆ ದಿನ ನೋಡಿ ಬದಲಿಸಿದ ನಾನು ಇದರ ಮುಚ್ಚಳವನ್ನು ಒಮ್ಮೆಯೂ ತೆರೆದಿರಲಿಲ್ಲ. ಮಟ್ಟ ಇಳಿದಿದ್ದರೆ ಎಲ್ಲಿಯೋ ಸೋರುತ್ತಿರಬೇಕಲ್ಲವೆ? ಹುಡುಕಿದೆನು. ಎಣ್ಣೆ ಹಿಂದಿರುಗಿ ಬರುವ ರಬ್ಬರು ಕೊಳವೆಯ ಕ್ಲಿಪ್ಪು ಸಡಿಲಗೊಂಡು, ಅದರ ಸುತ್ತ ಜಿಡ್ಡುಗಟ್ಟಿದ ಧೂಳು. ನನಗೆ ನಗುವೂ ಬಂದಿತು, ನಾಚಿಕೆಯೂ ಆಯಿತು.

ಈ ಯಂತ್ರದ ಕ್ರಮ ಸರಳವಾದುದು. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಿ ಕಳುಹಿಸುತ್ತದೆ. ನಾವು ಚುಕ್ಕಾಣಿಯನ್ನು ಯಾವ ಕಡೆಗೆ ತಿರುಗಿಸುತ್ತೇವೆಯೋ ಆ ಕಡೆಗೆ ಒಂದು ಕವಾಟವು ಅದನ್ನು ಬಿಡುತ್ತದೆ. ಮುಂದಿನ ಗಾಲಿಗಳನ್ನು ತಳ್ಳುವ ಶ್ರಮದಲ್ಲಿ ಹೆಚ್ಚಿನ ಪಾಲು ಎಣ್ಣೆಯದು. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರನು 1920ರ ದಶಕದಲ್ಲಿಯೇ ಇದನ್ನು ಮಾಡಿ ತೋರಿಸಿದನಾದರೂ, ಮಾರಾಟದ ಕಾರಿನಲ್ಲಿ ಇದು ಬಂದುದು 1951ರಲ್ಲಿ, ಕ್ರೈಸ್ಲರ್ ಕಂಪೆನಿಯ ಇಂಪೀರಿಯಲ್ ಕಾರಿನಲ್ಲಿ. ಈಚಿನ ಕಾರುಗಳಲ್ಲಿ ಬಹುಮಟ್ಟಿಗೆ ವಿದ್ಯುತ್ತಿನ ಮೋಟಾರೇ ಈ ಕೆಲಸವನ್ನು ಮಾಡುವುದರಿಂದ ಅವುಗಳಿಗೆ ಈ ಎಣ್ಣೆಯ ಹಂಗಿಲ್ಲ. ನಮ್ಮದರ ಕೈಪಿಡಿ ‘ಡೆಕ್ಸ್‌ರಾನ್’ ಜಾತಿಯ ಕೆಂಪೆಣ್ಣೆಯನ್ನು ಹೇಳಿತ್ತು. 2 ಲೀಟರು ತಂದೆನು. (ಈ ವರ್ಗದ ಎಣ್ಣೆಗಳಲ್ಲಿ 1970ರ ದಶಕದ ಆರಂಭದವರೆಗೆ ತಿಮಿಂಗಿಲದ ಎಣ್ಣೆಯನ್ನೂ ಬೆರೆಸುತ್ತಿದ್ದರು. ಈ ಸಂಗತಿಯನ್ನು ಮಡಿವಂತಳಾದ ನನ್ನ ಹೆಂಡತಿಗೆ ಕೆಲಸ ಮುಗಿದ ಮೇಲೆ ತಿಳಿಸಿದೆನು.)

ಗುರುವಾರ ಬೆಳಿಗ್ಗೆ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜ್ಯಾಕಿನಿಂದ ಎತ್ತಿ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆನು. ಹಳೆಯ ಎಣ್ಣೆಯನ್ನು ದೊಡ್ಡ ಸಿರಿಂಜಿನಿಂದ ಎಳೆದು, ಹಿಂದಿರುಗುವ ಕೊಳವೆಯನ್ನು ಕಳಚಿ ಸೀಸೆಯೊಳಗೆ ಇಳಿಬಿಟ್ಟೆನು. ಚುಕ್ಕಾಣಿಯನ್ನು ತಿರುಗಿಸಲು ಒಬ್ಬರು ಬೇಕು. ಹೆಂಡತಿಯನ್ನು ಕರೆದೆನು. ಇಷ್ಟು ವರ್ಷ ಎಡಗಡೆಯ ಆಸನದಲ್ಲಿಯೇ ಕುಳಿತವಳು ಸೆರಗನ್ನು ಸಿಕ್ಕಿಸಿಕೊಂಡು ಬಲಗಡೆಯ ಬಾಗಿಲಿನಿಂದ ಹತ್ತಿದಳು.

“ಏನೂಂದ್ರೆ, ಮುರಿದುಹೋದರೆ?”

“ಮುರಿಯುವುದಿಲ್ಲ. ನಿಧಾನವಾಗಿ ತಿರುಗಿಸು.”

ಹೊಸ ಎಣ್ಣೆಯನ್ನು ಹೊಯ್ದೆನು. ಪಾತ್ರೆಯಲ್ಲಿ ಕೊಳವೆ ಕಳಚಿದ ಮೂತಿಗೆ ಬಿರಡೆ ಹಾಕಬೇಕೆಂಬುದನ್ನು ಮರೆತಿದ್ದೆನು! ಹೊಯ್ದುದರಲ್ಲಿ ಬಹುಭಾಗ ಆ ಮೂತಿಯಿಂದ ಅಂಗಳಕ್ಕಿಳಿದು, ಆರತಿಯ ನೀರು ಚೆಲ್ಲಿದಂತೆ ಬೆಳಗಿನ ರಂಗೋಲಿಯ ಮೇಲೆಲ್ಲ ಹರಡಿತು. ಪಕ್ಕದ ಮನೆಯ ಅಜ್ಜಿಯವರು ಬೇಲಿಯಾಚೆಯಿಂದ ನೋಡಿ ರಕ್ತವೆಂದೇ ತಿಳಿದು ಕೂಗಿಕೊಂಡರು. ಅವರಿಗೆ ಸಮಾಧಾನ ಹೇಳಿ, ನೆಲಕ್ಕೆ ಮರದ ಹೊಟ್ಟು ಚೆಲ್ಲಿ, ಔಷಧದ ಸೀಸೆಯೊಂದರ ರಬ್ಬರು ಬಿರಡೆಯಿಂದ ಮೂತಿಯನ್ನು ಮುಚ್ಚುವ ಹೊತ್ತಿಗೆ ಅರ್ಧ ಗಂಟೆ ಕಳೆಯಿತು.

ಮತ್ತೆ ಮೊದಲಾಯಿತು. ಎಂಜಿನ್ನನ್ನು ಚಾಲೂ ಮಾಡದೆಯೇ ಅವಳು ಎಡಗಡೆಯ ಕೊನೆಯಿಂದ ಬಲಗಡೆಯ ಕೊನೆಗೆ ತಿರುಗಿಸುವಳು; ಪಾತ್ರೆ ಬರಿದಾಗದಂತೆ ನಾನು ಹೊಯ್ಯುವೆನು. ಪಂಪಿಗೆ ಗಾಳಿ ಹೋಗಬಾರದು. ಸೀಸೆಗೆ ಮೊದಲು ಮಸಿ, ಬಳಿಕ ಕಾಫಿಯ ಡಿಕಾಕ್ಷನ್ನಿನಂಥದು ಇಳಿಯಿತು. ನಡುವೆ ಅವಳು ಕೈ ನಿಲ್ಲಿಸಿದಳು.

“ಈ ಭಾರವನ್ನು ಆ ಭುಜದಲ್ಲಿ ಎಳೆಯುತ್ತಿದ್ದಿರಾ?”

“ಯಾವ ಭುಜ?”

“ಎಡಗೈಯಲ್ಲಿ ತಲೆ ಬಾಚಿಕೊಳ್ಳುವುದನ್ನು ನಾನು ನೋಡಿಲ್ಲವೆ? ನೀವಾಗಿ ಹೇಳುತ್ತೀರೆಂದು ಸುಮ್ಮನಿದ್ದೆ.”

ನಾನು ಪಾತ್ರೆಯ ಕಡೆಗೆ ನೋಡುತ್ತ, “ಬಲಕ್ಕೆ ತಿರುಗಿಸು” ಎಂದೆನು. ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಶುದ್ಧವಾದ ಕೆಂಪು ಬಂದಿತು.

ಕೊಳವೆಯನ್ನು ಹೊಸ ಕ್ಲಿಪ್ಪಿನಿಂದ ಬಿಗಿದು, ಗುರುತಿನವರೆಗೆ ತುಂಬಿ, ಎಂಜಿನ್ನನ್ನು ಚಾಲೂ ಮಾಡಿ, ಅವಳಿಂದಲೇ ಹಲವು ಸಲ ಮೆಲ್ಲನೆ ಆಚೀಚೆ ತಿರುಗಿಸಿಸಿದೆನು. ಕೊನೆಯಲ್ಲಿ ಒತ್ತಿಹಿಡಿಯಬಾರದು, ಪಂಪು ಕಾಯುತ್ತದೆ. ಮೊದಲು ನೊರೆ ಎದ್ದು, ಗಾಳಿ ಹೊರಟಂತೆಲ್ಲ ಅಡಗಿತು. ತಿಂಗಳುಗಟ್ಟಲೆಯಿಂದ ನಾನು ರಸ್ತೆಯ ಸದ್ದೆಂದುಕೊಂಡಿದ್ದ ನರಳಾಟವೂ ನಿಂತಿತು. ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ, ಕೆಟ್ಟ ಎಣ್ಣೆಯನ್ನು ಕೂಡಿಸಿಡುವ ಗ್ಯಾರೇಜಿಗೆ ಕೊಟ್ಟು ಬಂದೆನು.

ಶುಕ್ರವಾರ ಅಕ್ಕನ ಊರಿಗೆ ಹೋದೆವು. ಕೆರೆಯ ಏರಿಯ ಕೊನೆಯಲ್ಲಿರುವ ತಿರುವು ಮೊದಲಿನಂತೆಯೇ ಸುಲಭವಾಗಿತ್ತು. ಭುಜ ಮಾತ್ರ ನೋಯುತ್ತಲೇ ಇದ್ದಿತು. ಅದನ್ನು ಈ ಸಲ ಬಾಯಿಬಿಟ್ಟು ಹೇಳಿದೆನು. ಭಾನುವಾರ ಬಂದವನು ಕಾಫಿ ಕುಡಿದು ಹೋದನು. ಮಗನಿಗೆ ವಿಷಯ ತಿಳಿಸುವ ಕೆಲಸವನ್ನು ಅವಳು ವಹಿಸಿಕೊಂಡಳು. ಸೋಮವಾರ ನಾನು ಮೂಳೆಯ ವೈದ್ಯರಲ್ಲಿಗೆ ಹೋದೆನು, ಕಾರಿನಲ್ಲಿಯೇ ಹೋದೆನು.