ನಮ್ಮ ಸೊನ್ನೆ ಯಾಕೆ ದುಂಡಗಾಗಲಿಲ್ಲ?



ಧರ್ಮಕೇಂದ್ರದ ಸಭಾಂಗಣದ ಹಿಂದಿನ ಸಾಮಾನು ಕೋಣೆಯಿಂದ ಸಂಜೆ ಹೊತ್ತು ಬರುತ್ತಿದ್ದ ಕಿರ್ರೆನ್ನುವ ಸದ್ದು ಏನು ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅದು ನಾವು ನಾಲ್ವರು ಸೇರಿ ಕಟ್ಟಿದ ಪುಟ್ಟ ಸಿಎನ್‌ಸಿ ಯಂತ್ರ. ಹೊಸೂರಿನವರಿಗೆ ಈ ಹೆಸರು ಹೊಸದಲ್ಲ. ಸಿಪ್ಕಾಟ್‌ನಲ್ಲಿ ಸಿಎನ್‌ಸಿ ಮುಂದೆ ನಿಂತು ಶಿಫ್ಟ್ ಮುಗಿಸಿ ಬರುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಅಲ್ಲಿನವು ಲಕ್ಷಗಟ್ಟಲೆ ಬೆಲೆಯ ದೊಡ್ಡ ಯಂತ್ರಗಳು. ನಮ್ಮದು ಮೇಜಿನ ಮೇಲೆ ಕೂರುವ ಮರಿ. ಕಂಪ್ಯೂಟರ್ ಕೊಟ್ಟ ಅಂಕಿಗಳ ಪ್ರಕಾರ ಕಟರನ್ನು ಎಡಬಲ, ಹಿಂದೆಮುಂದೆ, ಮೇಲೆಕೆಳಗೆ ಓಡಿಸಿ ಮರದಲ್ಲಿ ಅಕ್ಷರ ಕೊರೆಯುವುದು ಅದರ ಕೆಲಸ.

ಇದನ್ನು ಕಟ್ಟಲು ಕಾರಣ ನಮ್ಮ ಕನ್ನಡ ಬೋರ್ಡುಗಳು. ಬಣ್ಣ ಮಾಸಿದ್ದವು, ತಿದ್ದಿ ಬರೆಯಲು ಕನ್ನಡ ಬರುವ ಪೇಂಟರ್ ಸಿಗುತ್ತಿರಲಿಲ್ಲ. ಮರದಲ್ಲಿ ನಾವೇ ಕೊರೆಯೋಣ ಎಂದು ಹೊರಟೆವು. ಕ್ರಿಸ್ಮಸ್ ಕ್ಯಾರಲ್‌ನಲ್ಲಿ, ಹಬ್ಬದ ತಿಂಡಿ ಅಂಗಡಿಯಲ್ಲಿ ಯುವಕ ಸಂಘ ಕೂಡಿಸಿದ್ದ ಹಣದಿಂದ 18,000 ರೂಪಾಯಿ ತೆಗೆದುಕೊಂಡೆವು. ಅದು ನಮ್ಮ ಹಣವಲ್ಲ, ನಿಮ್ಮೆಲ್ಲರದು. ಆದ್ದರಿಂದಲೇ ಈ ಲೆಕ್ಕ ಒಪ್ಪಿಸುತ್ತಿದ್ದೇವೆ.

ಯಂತ್ರದ ಮಿದುಳು ಒಂದು ಆರ್ಡುಯಿನೊ ಬೋರ್ಡ್. ಅದರೊಳಗೆ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ. ಸ್ಟೆಪ್ಪರ್ ಮೋಟಾರ್ ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಸುತ್ತುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 8 ಪಾಲು ಮಾಡುತ್ತದೆ. ಹೀಗೆ 1,600 ಚಿಕ್ಕ ಹೆಜ್ಜೆಗೆ ಒಂದು ಸುತ್ತು. ಒಂದು ಸುತ್ತಿಗೆ ಸ್ಕ್ರೂ 8 ಮಿ.ಮೀ. ಸರಿಯುವುದರಿಂದ ಒಂದು ಮಿ.ಮೀ.ಗೆ 200 ಹೆಜ್ಜೆ. ಬಿ.ಎಸ್ಸಿ. ಓದಿದ ನಮಗೆ ಈ ಲೆಕ್ಕ ಸುಲಭವಾಗಿತ್ತು. ಕಷ್ಟವಾದದ್ದು ಒಂದು ಅಲ್ಯೂಮಿನಿಯಂ ತಗಡಿಗೆ ನೇರವಾಗಿ ತೂತು ಕೊರೆಯುವುದು. ಸ್ಕ್ರೂ ಮೇಲೆ ಓಡುವ ಹಿತ್ತಾಳೆ ನಟ್ಟನ್ನು ಹಿಡಿಯುವ ತಗಡು ಅದು. ತೂತು 2 ಮಿ.ಮೀ. ಪಕ್ಕಕ್ಕೆ ಹೋಯಿತು. ಬೋಲ್ಟ್ ಬಿಗಿ ಮಾಡಿದರೆ ಸ್ಕ್ರೂ ಹಿಡಿದುಕೊಳ್ಳುತ್ತಿತ್ತು. ಹೊಸ ತಗಡು ತರುವ ಬದಲು ಬೋಲ್ಟುಗಳನ್ನು ಒಂದು ಸುತ್ತು ಸಡಿಲ ಬಿಟ್ಟೆವು. ಮೋಟಾರ್ ಸಲೀಸಾಗಿ ತಿರುಗಿತು, ನಾವೂ ಮರೆತೆವು.

ಮೊದಲು ಕೊರೆದ ಪದ 'ಸಂತ'. ಅದರ ಸೊನ್ನೆ ಮೊಟ್ಟೆಯಂತೆ ಬಂತು. ಪರೀಕ್ಷೆಗೆ 40 ಮಿ.ಮೀ. ವೃತ್ತ ಕೊರೆದೆವು. ಎತ್ತರ 40 ಇತ್ತು, ಅಗಲ 39.4. ಎಡಬಲ ತುದಿಗಳಲ್ಲಿ ಸುಮಾರು 5 ಮಿ.ಮೀ. ಉದ್ದಕ್ಕೆ ಗೆರೆ ನೆಟ್ಟಗಾಗಿತ್ತು. ಅಗಲ ಕಡಿಮೆಯೆಂದು 200ರ ಜಾಗದಲ್ಲಿ 203 ಹಾಕಿದೆವು. ವೃತ್ತದ ಅಗಲ ಸರಿಹೋಯಿತು, ಆದರೆ 100 ಮಿ.ಮೀ. ಗೆರೆ 101.5 ಆಯಿತು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುವ ಬಟ್ಟೆಯಂತಾಯಿತು.

ಆಗ ಇಂಥ ಯಂತ್ರ ಕಟ್ಟಿ ಅನುಭವವಿದ್ದ ದೂರದೂರಿನವರಿಗೆ ಇಂಟರ್ನೆಟ್ ಮೂಲಕ ಬರೆದು ಸಲಹೆ ಕೇಳಿದೆವು. ಫೋಟೋ ಕೂಡ ಕಳಿಸಿದೆವು. ಆದರೆ ಸಡಿಲ ಬೋಲ್ಟಿನ ಮಾತು ಬರೆಯಲಿಲ್ಲ. ಫೋಟೋವನ್ನೂ ಆ ತಗಡು ಕಾಣದ ಹಾಗೆ ತೆಗೆದೆವು. 'ಬಿ.ಎಸ್ಸಿ. ಓದಿ ಒಂದು ತೂತು ಕೊರೆಯಲು ಬರಲಿಲ್ಲವೇ' ಎಂದಾರು ಎಂಬ ನಾಚಿಕೆ. ಬೋಲ್ಟುಗಳೆಲ್ಲ ಬಿಗಿಯಾಗಿವೆ ಎಂದೇ ಬರೆದಿದ್ದೆವು. ನಮ್ಮ ಮಾತು ನಂಬಿ ಅವರು ಉತ್ತರಿಸಿದರು: ಹಾಗಾದರೆ ಮೋಟಾರ್ ಹೆಜ್ಜೆ ತಪ್ಪುತ್ತಿರಬಹುದು, ಡ್ರೈವರ್, ಕರೆಂಟ್, ವೈರಿಂಗ್ ನೋಡಿ.

ವೈರಿಂಗ್ ಮಾಡಿದ್ದು ನಮ್ಮ ನಾಲ್ವರಲ್ಲಿ ಒಬ್ಬನೇ. ಮೂವರೂ ಅವನ ಮೇಲೆ ಬಿದ್ದೆವು. 'ನಿನ್ನ ಬೆಸುಗೆ ಸರಿಯಿಲ್ಲ' ಎಂದೆವು. ಅವನು ಎರಡು ರಾತ್ರಿ ಕೂತು ಎಲ್ಲ ವೈರ್ ಬಿಚ್ಚಿ ಮತ್ತೆ ಜೋಡಿಸಿದ. 2,400 ರೂಪಾಯಿ ಕೊಟ್ಟು ಹೊಸ ಡ್ರೈವರ್, ಪವರ್ ಸಪ್ಲೈ ತಂದೆವು. ಸೊನ್ನೆ ಮತ್ತೆ ಅದೇ ಮೊಟ್ಟೆ. ಮರುದಿನದಿಂದ ಅವನು ಕೋಣೆಗೆ ಬರಲಿಲ್ಲ. ಭಾನುವಾರ ಬಲಿಪೂಜೆಯಲ್ಲೂ ನಮ್ಮ ಬೆಂಚಿನಲ್ಲಿ ಕೂರಲಿಲ್ಲ.

ಮೂವತ್ತು ವರ್ಷ ಲೇತ್ ಮೇಲೆ ದುಡಿದು ನಿವೃತ್ತರಾದ ಅಜ್ಜ ಒಬ್ಬರು ನಮ್ಮಲ್ಲಿದ್ದಾರೆ. ಅವರನ್ನು ಕರೆದೆವು. ಅವರು ಕಂಪ್ಯೂಟರ್ ಕಡೆ ನೋಡಲೇ ಇಲ್ಲ. ನಾಲ್ಕು ಸಲ ಕೊರೆದ ನಾಲ್ಕು ವೃತ್ತಗಳನ್ನು ಸಾಲಾಗಿ ಇಟ್ಟು ಹೇಳಿದರು: "ನಾಲ್ಕೂ ಒಂದೇ ಥರ ಇವೆ ನೋಡ್ರಪ್ಪ. ಹೆಜ್ಜೆ ತಪ್ಪೋ ಮೋಟಾರು ಒಂದೊಂದು ಸಲ ಒಂದೊಂದು ಕಡೆ ತಪ್ಪುತ್ತೆ. ಇದು ಎಲ್ಲೋ ಸಡಿಲ." ಆಮೇಲೆ ಡಯಲ್ ಗೇಜ್ ಇಟ್ಟರು. ಬಲಕ್ಕೆ ಓಡಿಸಿ ಮುಳ್ಳನ್ನು ಸೊನ್ನೆಗೆ ತಂದು, ಎಡಕ್ಕೆ 1 ಮಿ.ಮೀ. ಹೋಗು ಎಂದರೆ ಮುಳ್ಳು ತೋರಿಸಿದ್ದು 0.4. ದಿಕ್ಕು ಬದಲಿಸುವಾಗ 0.6 ಮಿ.ಮೀ. ಗಾಳಿಯಲ್ಲಿ ಹೋಗುತ್ತಿತ್ತು. ಇದನ್ನೇ ಬ್ಯಾಕ್‌ಲ್ಯಾಶ್ ಎನ್ನುತ್ತಾರೆ. ವೃತ್ತದ ಅಗಲದಲ್ಲಿ ಕಡಿಮೆಯಾಗಿದ್ದೂ ಅದೇ 0.6.

"ಎಲ್ಲಿ ಸಡಿಲ ಬಿಟ್ಟಿದ್ದೀರಾ?" ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೇಳಿದೆವು. ಅವರು ಬೈಯಲಿಲ್ಲ. "ನನ್ನ ಮೊದಲ ವರ್ಷ ನಾನೂ ಮುಚ್ಚಿಟ್ಟಿದ್ದೆ. ಯಂತ್ರ ಮುಚ್ಚಿಡಲ್ಲ ಕಣ್ರೋ" ಎಂದರು.

ನಮ್ಮ ಯಂತ್ರದ ಮೋಟಾರಿಗೆ ತಾನು ಎಲ್ಲಿದ್ದೇನೆ ಎಂದು ನೋಡಿ ತಿಳಿಯುವ ಕಣ್ಣಿಲ್ಲ. ಇಷ್ಟು ಹೆಜ್ಜೆ ಹಾಕಿದೆ, ಹಾಗಾದರೆ ಅಲ್ಲಿದ್ದೇನೆ ಎಂದು ನಂಬಿ ನಡೆಯುತ್ತದೆ. ತಪ್ಪನ್ನು ಹೊರಗಿನವರೇ ಅಳೆದು ಹೇಳಬೇಕು. ಹೇಳಲು ಬಂದವರಿಗೆ ನಾವು ತಪ್ಪು ಅಳತೆ ಕೊಟ್ಟಿದ್ದೆವು. ಅವರ ಸಲಹೆಯಲ್ಲಿ ದೋಷವಿರಲಿಲ್ಲ. ನಾವು ಕೇಳಿದ ಪ್ರಶ್ನೆಯೇ ಸುಳ್ಳಾಗಿತ್ತು.

ಆ ರಾತ್ರಿಯೇ ಗೆಳೆಯನ ಮನೆಗೆ ಹೋದೆವು. ಅವನ ಅಮ್ಮ ಕಾಫಿ ಕೊಟ್ಟರು. ಅವನು ಬಹಳ ಹೊತ್ತು ಮಾತಾಡಲಿಲ್ಲ. ತಪ್ಪು ನಮ್ಮದೆಂದು ಅವನ ಅಮ್ಮನ ಎದುರಿಗೇ ಹೇಳಿದೆವು. ಕೊನೆಗೆ ಅವನು, "ತಗಡು ಸಡಿಲ ಇರೋದು ನಂಗೂ ಗೊತ್ತಿತ್ತಲ್ವಾ, ನಾನೂ ಬಾಯಿ ಬಿಡಲಿಲ್ಲ" ಎಂದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಅಜ್ಜನ ಜೊತೆ ಹೋಗಿ ಹೊಸ ತಗಡಿಗೆ ತೂತು ಹಾಕಿಸಿ, ಬೋಲ್ಟ್ ಬಿಗಿ ಮಾಡಿದೆವು. 203ನ್ನು ಮತ್ತೆ 200 ಮಾಡಿದೆವು. ಈಗ ವೃತ್ತದ ಅಗಲ 39.9. ಉಳಿದ 0.1 ನಟ್ಟಿನ ಮರೆಯೊಳಗಿನ ಸಡಿಲ. ಸ್ಪ್ರಿಂಗ್ ಇರುವ ನಟ್ ಹಾಕಿದರೆ ಅದೂ ಕಡಿಮೆಯಾಗುತ್ತದೆ. ಸಲಹೆ ಕೊಟ್ಟಿದ್ದವರಿಗೂ ನಿಜ ಬರೆದು ಕ್ಷಮೆ ಕೇಳಿದೆವು. ವ್ಯರ್ಥವಾದ 2,400 ರೂಪಾಯಿಯನ್ನು ನಮ್ಮ ಕೈಯಿಂದ ಸಂಘಕ್ಕೆ ತುಂಬಿದ್ದೇವೆ.

ನೀವೂ ಏನಾದರೂ ಕಟ್ಟಲು ಹೊರಟರೆ, ಸಲಹೆ ಕೇಳುವ ಮುಂಚೆ ಮೂರು ವಿಷಯ ಬರೆದುಕೊಳ್ಳಿ: ಏನು ಅಂದುಕೊಂಡಿರಿ, ಅಳೆದಾಗ ಏನು ಬಂತು, ಎಲ್ಲಿ ಒಳದಾರಿ ಹಿಡಿದಿರಿ. ಮೂರನೆಯದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಅದನ್ನೇ ಮೊದಲು ಹೇಳಿ.

ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಕೋಣೆಗೆ ಬನ್ನಿ, ಕೊರೆಯುವುದನ್ನು ತೋರಿಸುತ್ತೇವೆ. ಮಕ್ಕಳು ಹತ್ತಿರ ಬರುವುದಾದರೆ ಕಣ್ಣಿಗೆ ಕನ್ನಡಕ ಕಡ್ಡಾಯ. ಹಳೆಯ ತಗಡನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇವೆ. ಅದನ್ನೂ ನೋಡಿ ಹೋಗಿ.