ಬಟಾಣಿ ಕಾಳಿನಷ್ಟು

ಪ್ರಾಯ ಬರುವಾಗ ಮೊಡವೆಯನ್ನೂ ಜೊತೆಗೆ ಕರೆತರುವುದು ಹಳೆಯ ಸಂಪ್ರದಾಯ. ನಮ್ಮ ಮನೆಯಲ್ಲೂ ಅದು ತಪ್ಪಲಿಲ್ಲ. ಕಾಲೇಜಿಗೆ ಹೋಗುವ ಮಗಳು ಕನ್ನಡಿಯ ಮುಂದೆ ಕಣ್ಣೀರು ಹಾಕತೊಡಗಿದ ಮೇಲೆ ಅವಳನ್ನು ಚರ್ಮವೈದ್ಯರಲ್ಲಿಗೆ ಕರೆದೊಯ್ದೆ. ಅವರು ಅಡಾಪಲೀನ್ ಎಂಬ ಮುಲಾಮು ಬರೆದುಕೊಟ್ಟು, “ರಾತ್ರಿ ಮುಖ ತೊಳೆದು, ಚೆನ್ನಾಗಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ ತೆಳ್ಳಗೆ ಹಚ್ಚಿಕೊಳ್ಳಲಿ. ಕಣ್ಣು, ತುಟಿಗಳ ಹತ್ತಿರ ಬೇಡ” ಎಂದರು.

ಇಡೀ ಮುಖಕ್ಕೆ ಒಂದು ಕಾಳು! ಈ ಜಿಪುಣತನ ನನಗೆ ಒಪ್ಪಿಗೆಯಾಗಲಿಲ್ಲ. “ಧಾರಾಳವಾಗಿ ಹಚ್ಚಮ್ಮ, ಬೇಗ ವಾಸಿಯಾಗುತ್ತೆ” ಎಂದೆ. ನಾಲ್ಕೇ ದಿನಗಳಲ್ಲಿ ಮುಖ ಕೆಂಪೇರಿತು, ಸಿಪ್ಪೆ ಎದ್ದಿತು, ನಕ್ಕರೂ ಉರಿ. ಒಂದು ವಾರ ಅವಳು ಮನೆಯಿಂದ ಹೊರಗೇ ಬರಲಿಲ್ಲ. ವಿದ್ಯಾರ್ಥಿಗಳ ಪ್ರಬಂಧದಲ್ಲಿ ಮಾತು ಹೆಚ್ಚಾದರೆ ಕೆಂಪು ಶಾಯಿಯಿಂದ ಗೀಚುವ ಮೇಷ್ಟ್ರು ನಾನು. ಮಿತವೆಂದರೇನೆಂದು ಮಗಳ ಮುಖ ನೋಡಿ ಕಲಿಯಬೇಕಾಯಿತು.

ಮತ್ತೆ ವೈದ್ಯರ ಮುಂದೆ ತಪ್ಪೊಪ್ಪಿಗೆ. ಉರಿ ಆರುವವರೆಗೆ ಬಿಟ್ಟು, ಆಮೇಲೆ ದಿನ ಬಿಟ್ಟು ದಿನ ಹಚ್ಚಬೇಕು; ಚರ್ಮ ಒಣಗದಂತೆ ಮಾಯಿಶ್ಚರೈಸರ್, ಬಿಸಿಲಿಗೆ ಸನ್‌ಸ್ಕ್ರೀನ್ ಬೇಕು. ಮೊದಮೊದಲು ಮೊಡವೆ ಹೆಚ್ಚಿದಂತೆ ಕಂಡರೂ ಹೆದರಬಾರದು; ಗುಣ ಕಾಣಲು 8ರಿಂದ 12 ವಾರ ಬೇಕು. ಬಸುರಿಯರಿಗೆ ಈ ಔಷಧ ಸಲ್ಲದು. ಆದ್ದರಿಂದ ನೆಂಟರಿಷ್ಟರು ಕೇಳಿದರೆಂದು ಟ್ಯೂಬನ್ನು ದಾನ ಮಾಡಕೂಡದು.

ಈಗ ಮೂರು ತಿಂಗಳಾಯಿತು. ಮೊಡವೆ ಪೂರ್ತಿ ಹೋಗಿಲ್ಲ. ಕನ್ನಡಿಯ ಮುಂದಿನ ಅಳು ಹೋಗಿದೆ. ರಾತ್ರಿ ಮಗಳು ಬೆರಳ ತುದಿ ತೋರಿಸಿ, “ಅಪ್ಪ, ಇಷ್ಟು ಸಾಕಾ?” ಎಂದು ಕೀಟಲೆ ಮಾಡುತ್ತಾಳೆ. ನಾನು ತೆಪ್ಪಗೆ ಪತ್ರಿಕೆಯಲ್ಲಿ ಮುಖ ಮರೆಸಿಕೊಳ್ಳುತ್ತೇನೆ.